ಹದಿನಾಲ್ಕು ಗ್ರಾಂ

ಇದು ಚಿನ್ನದ ತಕ್ಕಡಿ, ಮೆಕ್ ಜೆನಾಬ್,
ಉಸಿರು ಬಿಟ್ಟರೂ ಮುಳ್ಳು ನಡುಗುತ್ತದೆ,
ಇದರಲ್ಲಿ ಕೋಳಿ ಕೂರಿಸಬೇಡ ಎಂದು
ಎಷ್ಟು ಸಲ ಹೇಳಿಲ್ಲ ನಾನು.

ಅವಳು ಕೇಳಬೇಕಲ್ಲ. ತುಂಪಾಟಿನ ಪೇಟೆಬೀದಿಯಲ್ಲಿ
ನಾನು ಬಾಗಿಲು ತೆರೆಯುವ ಮೊದಲೇ
ಸರೋಂಗಿನ ಮಡಿಲಲ್ಲಿ ಮರಿ ಸುತ್ತಿಕೊಂಡು ನಿಂತಿರುತ್ತಾಳೆ
ಬಳೆ ಅಡವಿಡಲು ಬಂದವಳ ಹಾಗೆ.

ಅವಳದು ಸೆರಾಮಾ ಕೋಳಿ. ಬಲಿತ ಹುಂಜವೂ
ತೆಂಗಿನ ಚಿಪ್ಪಿನಲ್ಲಿ ಕೂತುಬಿಡುತ್ತದೆ.
ಎದೆ ಎಷ್ಟು ಸೆಟೆದಿದೆಯೆಂದರೆ ತಲೆ ಬೆನ್ನಿಗೆ ತಾಗುತ್ತದೆ,
ರೆಕ್ಕೆ ನೆಟ್ಟಗೆ ನೆಲಕ್ಕೆ, ಕತ್ತಿ ಊರಿದ ಸಿಪಾಯಿ.
ಮೇಜಿನ ಮೇಲೆ ಬಿಟ್ಟರೆ ಮೂರು ಹೆಜ್ಜೆ ಇಟ್ಟು
ಕಂದಾಯ ಎಲ್ಲಿ ಎಂಬಂತೆ ನಮ್ಮನ್ನು ನೋಡುತ್ತದೆ.
ಕೋತಾ ಬಾರುವಿನ ಶೋಕಿಲಾಲರು
ಸಣ್ಣಗಿದ್ದಷ್ಟೂ ಹೆಚ್ಚು ಕೊಡುತ್ತಾರೆ.
ನನ್ನಲ್ಲಿ ತೂಕ ಏರಿದರೆ ಬೆಲೆ, ಅವಳಲ್ಲಿ ಇಳಿದರೆ.
ತಕ್ಕಡಿ ಮಾತ್ರ ಒಂದೇ.

ಇವತ್ತಿನ ಮರಿ ಒಂಬತ್ತು ದಿನದ್ದು.
ಹದಿನಾಲ್ಕು ಗ್ರಾಂ.
ಮೊಟ್ಟೆ ಒಡೆದ ದಿನವೂ ಹದಿನಾಲ್ಕೇ.

'ಒಳ್ಳೇದೇ ಆಯ್ತು, ಇನ್ನೂ ಸಣ್ಣ, ಇನ್ನೂ ದುಡ್ಡು' ಎಂದೆ.
ಹಿತ್ತಾಳೆ ತಂದು ಚಿನ್ನ ಎಂದವನನ್ನು
ನಾನು ನೋಡುವ ಹಾಗೆ ನೋಡಿದಳು.

ನನ್ನ ಬೆರಳು ಹಿಡಿದು ಅದರ ಎದೆಮೂಳೆ ಮುಟ್ಟಿಸಿದಳು.
ಚಾಕು.
ರೆಕ್ಕೆಯ ಗರಿ ಮಾತ್ರ ಬೆಳೆದು ಮೈಗಿಂತ ಉದ್ದ,
ಅಣ್ಣನ ಅಂಗಿ ತೊಟ್ಟ ಹುಡುಗನ ತೋಳಿನಂತೆ.
ಸಂಜೆಗೆ ಕಡಲೆಕಾಳಿನಷ್ಟಾದರೂ ಉಬ್ಬಬೇಕಿದ್ದ ಕೊರಳ ಚೀಲ
ನಿನ್ನೆ ಮುಟ್ಟಿದರೆ ಬರೀ ತೊಗಲು.
'ಸಣ್ಣದು ಬೇರೆ, ಸೊರಗಿದ್ದು ಬೇರೆ, ಪಾ ಹಿಂ.
ಸಣ್ಣದು ಹೆತ್ತವರಿಂದ ಬರುತ್ತದೆ.
ಸೊರಗು ಬಂದರೆ ನನ್ನಿಂದ.'

ಆಮೇಲೆ ಕಟ್ಟೆಯ ಮೇಲೆ ಕೂತು ತನ್ನ ತಪ್ಪು ಹುಡುಕಿದಳು.
ನೆರೆ ಇಳಿದ ಮೇಲೆ ಗೂಡಿನ ಹೊಟ್ಟು
ಪೂರಾ ಒಣಗಿತ್ತೋ ಇಲ್ಲವೋ.
ಒದ್ದೆಯಲ್ಲಿ ರಕ್ತಭೇದಿ ಹುಟ್ಟುತ್ತದೆ, ಕಣ್ಣಿಗಂತೂ ಬಿದ್ದಿಲ್ಲ.
ಮೇವಿನ ಚೀಲ ಹಳೆಯದು, ತಳದಲ್ಲಿ ಮುಗ್ಗಲು ವಾಸನೆ.
ನುಚ್ಚು ಈ ಕೊಕ್ಕಿಗೆ ದಪ್ಪವಾಯಿತೇ?
ಬಲ್ಬು ಹೋದ ಆ ರಾತ್ರಿ
ತಿಂದದ್ದನ್ನೆಲ್ಲ ಬೆಚ್ಚಗಿರಲು ಸುಟ್ಟುಕೊಂಡು
ಬೆಳೆಯಲು ಏನೂ ಉಳಿಸಿಕೊಳ್ಳಲಿಲ್ಲವೇ?
ಒಡಹುಟ್ಟಿದವೇ ತಟ್ಟೆಯಿಂದ ತಳ್ಳಿದವೇ?
ಮೂರು ತಲೆಮಾರು ಮನೆಯೊಳಗೇ
ಹೆಣ್ಣು ಕೊಟ್ಟು ತಂದದ್ದು ಅತಿಯಾಯಿತೇ?

ಮೋಟುಗಾಲಿಗೆ ಮೋಟುಗಾಲು ಕೂಡಿಸಿದರೆ
ನಾಲ್ಕರಲ್ಲೊಂದು ಮೊಟ್ಟೆ ಒಡೆಯುವುದೇ ಇಲ್ಲ.
ಅದು ಅವಳಿಗೆ ಗೊತ್ತಿರುವ ಸುಂಕ, ಕಟ್ಟುತ್ತ ಬಂದಿದ್ದಾಳೆ,
ರಂಬುತಾನ್ ಬುಡದಲ್ಲಿ ಹೂತು.
ಇದು ಹಾಗಲ್ಲ. ಇದು ಹೊರಗೆ ಬಂದು ಕೇಳುತ್ತಿದೆ.

ಹೋಗುವಾಗ, ನನ್ನನ್ನಲ್ಲ, ತಕ್ಕಡಿಯನ್ನು ನೋಡುತ್ತ ಹೇಳಿದಳು:
'ಸೊಲೇಹಾಳನ್ನೂ ತೂಗಿದರು, ದವಾಖಾನೆಯಲ್ಲಿ.
ಕಾರ್ಡಿನ ಗೆರೆಗಿಂತ ಕೆಳಗೆ ಚುಕ್ಕೆ ಇಟ್ಟಳು ನರ್ಸು.
ನಮ್ಮ ಮನೆಯವರೆಲ್ಲ ಗಿಡ್ಡ ಅಂದೆ.
ನರ್ಸು ವಾದ ಮಾಡಲಿಲ್ಲ. ಮುಂದಿನ ತಾರೀಕು ಬರೆದಳು.'

ನನ್ನ ಕೆಲಸದ ಮೇಜಿನ ಬಲ್ಬು ಬಿಚ್ಚಿ ಕೊಟ್ಟೆ.
ಅದಕ್ಕಿಂತ ಹೆಚ್ಚು ಏನು ಕೊಡಬೇಕೋ ತಿಳಿಯಲಿಲ್ಲ.

ಐದನೆಯ ದಿನ ಮತ್ತೆ ಬಂದಳು, ಮೊಮ್ಮಗಳೂ ಜೊತೆಗೆ.
ಹುಡುಗಿಯ ಕೈಯಲ್ಲಿ ಬೇಯಿಸಿದ ಸೆರಾಮಾ ಮೊಟ್ಟೆ,
ಜೇಬಿನಲ್ಲಿ ಇನ್ನೂ ನಾಲ್ಕು.
(ಎಲ್ಲ ಸೇರಿ ಪೇಟೆಯ ಎರಡಕ್ಕೆ ಸಮ ಅಂತ ಅಜ್ಜಿಯ ಲೆಕ್ಕ.)
ಮರಿಯನ್ನು ತಟ್ಟೆಗೆ ಬಿಟ್ಟೆವು. ಮೂವರೂ ಉಸಿರು ಹಿಡಿದೆವು.
ನಲವತ್ತು ವರ್ಷ ತಕ್ಕಡಿಗೆ ಬೆರಳು ತಾಗಿಸದವನು ನಾನು,
ಆಗ ತಾಗಿಸಿದೆ, ಒಂದು ಗುಲಗಂಜಿಯಷ್ಟು.
'ಕೈ ತೆಗಿ' ಎಂದಳು ಜೆನಾಬ್.

ತೆಗೆದೆ. ಮುಳ್ಳು ಓಲಾಡಿ ನಿಲ್ಲುವಷ್ಟರಲ್ಲಿ
ಮರಿ ಬಾಲ ಎತ್ತಿ ಹಿಕ್ಕೆ ಹಾಕಿತು
ನನ್ನ ಅಜ್ಜನ ತಕ್ಕಡಿಯೊಳಗೆ.
ಸೊಲೇಹಾ ಬಾಯಿತುಂಬ ಮೊಟ್ಟೆ ಇಟ್ಟುಕೊಂಡೇ ನಕ್ಕಳು.
ಹರಳು ನೋಡುವ ನನ್ನ ಭೂತಗನ್ನಡಿ ಕಿತ್ತುಕೊಂಡು
ಜೆನಾಬ್ ಬಗ್ಗಿದಳು, ಬಹಳ ಹೊತ್ತು ನೋಡಿದಳು.

'ರಕ್ತ ಇಲ್ಲ' ಎಂದಳು. 'ಒರೆಸಬೇಡ.
ಅದನ್ನೂ ಸೇರಿಸಿ ತೂಗು.'