ಇಪ್ಪತ್ಮೂರನೆಯ ಪ್ರಶ್ನೆ

ಹವಾಸದಿಂದ ಮೂರು ಬಸ್ಸು, ಕೊನೆಗೆ ಕತ್ತೆಗಳ ಹಿಂದೆ ನಡಿಗೆ,
ಸಿದಾಮದ ದಿಬ್ಬ ಹತ್ತಿ.
ಚೀಲದಲ್ಲಿ ನಲವತ್ತು ಪ್ರತಿ, ಒಂದೊಂದೂ ಹನ್ನೊಂದು ಪುಟ,
ಎಂಎಸ್ಸಿಯ ಎರಡನೇ ವರ್ಷ, ಗ್ರಾಮೀಣ ಆಹಾರ ಭದ್ರತೆ.
ಗೈಡ್ ಹೇಳಿದ್ದರು: ಕೋಷ್ಟಕದಲ್ಲಿ
ಒಂದು ಮನೆಯನ್ನೂ ಖಾಲಿ ಬಿಡಬೇಡ.

ಡುಕ್ಕಾಲೆ ಹಿತ್ತಲಲ್ಲಿದ್ದಳು, ಓರೆ ಹಲಗೆಗೆ ಎನ್ಸೆಟ್ಟಿನ ದಿಂಡು ಆನಿಸಿ
ಹಿಮ್ಮಡಿಯಲ್ಲೊತ್ತಿ ಹಿಡಿದು
ಬಿದಿರ ಸೀಳಿನಿಂದ ತಿರುಳು ಹೆರೆಯುತ್ತ.
ಯಾರ ಮಗಳು ನೀನು?
ಬುರಿಸೊ ಮಗಳು, ಪೇಟೆಯವಳು, ಎಂದೆ.
ಮೊದಲ ಪ್ರಶ್ನೆ ಹೀಗೆ ಅವಳದಾಯಿತು.

ಕಳೆದ ವರ್ಷ ಬೆಳೆದದ್ದೆಷ್ಟು, ಕ್ವಿಂಟಾಲಿನಲ್ಲಿ?
ವರ್ಷಕ್ಕೆಲ್ಲಿ ಬೆಳೆಯುತ್ತದೆ ಇದು!
ಅದೋ ಆ ಗಂಟಿಚ್ಚ, ನನ್ನ ಹಿರಿಯವನು ತೆವಳುವಾಗ ನೆಟ್ಟದ್ದು.
ಅವನಿಗೀಗ ಹಾಲುಹಲ್ಲು ಉದುರುತ್ತಿವೆ,
ಇದಕ್ಕೆ ಕತ್ತಿ ಕಾಣುವ ಕಾಲ.
ಇನ್ನು ಗುಂಡಿಯಲ್ಲಿ ಎಲೆ ಸುತ್ತಿ ಹೂತದ್ದಿದೆ,
ಹೋದ ಚಳಿಯಿಂದ ಹುಳಿಯುತ್ತಿದೆ,
ಅದು ಬೆಳೆಯೋ ಉಳಿಕೆಯೋ, ಓದಿದವಳು ನೀನೇ ಬರಕೋ.

ಜಾಗವಿರಲಿಲ್ಲ. ಅಂಚಿನಲ್ಲಿ 'ಗುಂಡಿ' ಎಂದಷ್ಟೇ ಬರೆದೆ.

ಪುಸ್ತಕದಲ್ಲಿ ಇದಕ್ಕೆ ಸುಳ್ಳುಬಾಳೆ ಅಂತಾರೆ, ಎಂದೆ, ಮಾತಿಗೆ.
ಹೆರೆಯುವ ಕೈ ನಿಂತಿತು.
ಸುಳ್ಳೇ? ಯಾರಿಗೆ ಹೇಳಿತಂತೆ?
ಬಾಳೆಯೇ ಇರಬೇಕು, ಇದರ ವೇಷ ತೊಟ್ಟು
ಹಣ್ಣು ತೋರಿಸಿಕೊಂಡು ಊರೂರು ಹೊರಟದ್ದು.

ತಿರುಳಿನಲ್ಲಿ ಪ್ರೋಟೀನು ಸಾಲದು, ಅದನ್ನೂ ಹೇಳಿಬಿಟ್ಟೆ.
ಗೊತ್ತು. ಅದಕ್ಕೇ ಹಸು.
ಸಗಣಿ ಇದಕ್ಕೆ, ಇದರೆಲೆ ಹಸುವಿಗೆ, ಹಾಲು ಮಕ್ಕಳಿಗೆ.
ಮೇಲುಮನೆಯವರ ಹಸು ಮೊನ್ನೆ ಸತ್ತಿತು.
ಅಲ್ಲಿಗೂ ಹೋಗುತ್ತೀಯಲ್ಲ,
ಮೆಲ್ಲಗೆ ಕೇಳು.

ಇಪ್ಪತ್ಮೂರು: ಕಳೆದ ಮೂವತ್ತು ದಿನಗಳಲ್ಲಿ
ಮನೆಯಲ್ಲಿ ಯಾರಾದರೂ ಹಸಿದು ಮಲಗಿದ್ದುಂಟೆ?
ಉಂಟು. ಇಲ್ಲ. ಗೊತ್ತಿಲ್ಲ.
ಅವಳು ಮೊದಲ ಸಲ ನನ್ನ ಮುಖ ನೋಡಿದಳು.
ಬೆಳಿಗ್ಗೆ ನೀನೇನು ತಿಂದೆ?
ಚಹಾ.
ನಿನ್ನೆ ರಾತ್ರಿ?
ಬಸ್ ಸ್ಟ್ಯಾಂಡಿನಲ್ಲಿ ಬಿಸ್ಕತ್ತು.
ಕೈ ತೊಳೆದು ಒಳಗೆ ಹೋದಳು.
ಬೆಣ್ಣೆಯಲ್ಲಿ ಮಿಂದ ವಾಸ ಬಂತು ಮಣ್ಣಿನ ಬಟ್ಟಲಲ್ಲಿ,
ಬೇಯಿಸಿದ ಸೊಪ್ಪು ಬಂತು,
ಬಟ್ಟಲು ಬರಿದಾಗುವವರೆಗೆ ಮುಂದಿನ ಉತ್ತರ ಬರಲಿಲ್ಲ.

ರಾತ್ರಿ ಶಾಲೆಯ ಬೆಂಚಿನ ಮೇಲೆ, ಟಾರ್ಚು ಹಲ್ಲಲ್ಲಿ ಕಚ್ಚಿ,
ಹೆಚ್ಚಿನದೊಂದು ಪ್ರತಿಯಲ್ಲಿ ನನ್ನನ್ನೇ ಕೇಳಿಕೊಂಡು ತುಂಬಿದೆ.
ಕುಟುಂಬದ ಯಜಮಾನಿ: ನಾನು. ಜಾನುವಾರು: ಇಲ್ಲ.
ಹನ್ನೆರಡು ಬಗೆಯ ಆಹಾರದಲ್ಲಿ, ಅವಳ ಹೊಸ್ತಿಲು ತುಳಿಯುವ ತನಕ,
ಸಕ್ಕರೆ, ಚಹಾಪುಡಿ ಸೇರಿಸಿ, ಮೂರು.
ಕೈಪಿಡಿ ನೋಡಿದೆ: ಕಡುಕೊರತೆಯ ಮನೆ.
ಒಬ್ಬಳೇ ನಕ್ಕೆ. ಬೆಂಚು ಕಿರುಗುಟ್ಟಿತು.

ಬೆಳಿಗ್ಗೆ ಮೇಲುಮನೆ.
ಸೊರಗುರೋಗದ ಗಿಡಗಳನ್ನು ಬೇರುಸಹಿತ ಕಿತ್ತು ಒಟ್ಟಿದ್ದರು.
ಗೂಟದಲ್ಲಿ ಹಗ್ಗ ಇನ್ನೂ ಇತ್ತು,
ಕುಣಿಕೆ ಕೊರಳಿನಷ್ಟೇ ದುಂಡಗೆ.
ಇಪ್ಪತ್ತೆರಡರವರೆಗೆ ಕೇಳಿದೆ.
ಆಮೇಲೆ ಇಪ್ಪತ್ನಾಲ್ಕು.

ಪ್ರಬಂಧದ ಕರಡು ವಾಪಸು ಬಂದಿದೆ.
ಆ ಒಂದು ಮನೆಗೆ ಗೈಡು ಕೆಂಪು ಸುತ್ತು ಹಾಕಿದ್ದಾರೆ:
ಖಾಲಿ ಏಕೆ?