ಮೊಣಕಾಲೆತ್ತರ

ಲೋಯರ್ ಗ್ರೇಡಿಗೆ ಪೂರ್ವಸಿದ್ಧತೆ. ನಿಸರ್ಗಚಿತ್ರ. ಹಾಳೆ ಐವತ್ತೆರಡು.
ಐವತ್ತೊಂದರಲ್ಲಿ ಎರಡು ಬೆಟ್ಟ, ನಡುವೆ ಹಲ್ಲುಕಿರಿವ ಸೂರ್ಯ,
ಬಲಕ್ಕೆ ಬಾಗಿದ ತೆಂಗು,
ಎಣಿಸಿ ಮೂರು ಕಾಯಿ.
ಶಿಡ್ಲಘಟ್ಟದ ಮಕ್ಕಳಿಗೆ ಈ ಕಡಲತಡಿ ತಂದುಕೊಟ್ಟವನು ನಾನೇ,
ಹದಿನೇಳು ವರ್ಷದ ಹಿಂದೆ,
ಬಣ್ಣದ ಸೀಮೆಸುಣ್ಣದ ಡಬ್ಬಿಯಲ್ಲಿ ಹಸಿರೊಂದೇ ಉಳಿದಿದ್ದ ದಿನ.

ತರಬೇತಿಯಲ್ಲಿ ಕಲಿತದ್ದನ್ನು ಹೇಳಿಯೂ ಕೊಟ್ಟಿದ್ದೆ:
ಹಾಳೆಯ ಮುಂದೆ ನಿಂತ ಮರ ಅಂದರೆ ನೀವು.
ಎಲೆಯಿಲ್ಲದ್ದು ಸಾವು. ಪೊಟರೆ, ಹಳೆಯ ಗಾಯ.
ನೆರಳು ಬರೆಯಲು ಮರೆಯಬೇಡಿ,
ಇಲ್ಲದಿದ್ದರೆ ಮರ ತೇಲುತ್ತದೆ.
ಹಿಂದಿನ ಬೆಂಚಿನ ಚೌಡರೆಡ್ಡಿ ಕೇಳಿದ:
"ನೀಲಗಿರಿ ಅಂದ್ರೆ ಏನ್ ಸಾ?"
ಸಾರ್ವೆ ಕಟ್ಟಿಗೆ, ಪೇಪರ್ ಮಿಲ್ಲು, ಬತ್ತಿದ ಬಾವಿ
ನಾಲಿಗೆ ತುದಿಗೆ ಬಂದವು.
"ನೀಲಗಿರಿ ಸುಲಭ, ನೇರ ಗೆರೆ" ಅಂದುಬಿಟ್ಟೆ.

ಐವತ್ತೆರಡನೆಯದು ಮುಬೀನಾಳದು.
ಅಪ್ಪನದು ಬಿಚ್ಚಾಣಿಕೆ, ನಾಲ್ಕು ಒಲೆ.
ಹಾಳೆಗೂ ಬೆಂದ ಹುಳದ ವಾಸನೆ.
ತಲಕಾಯಲಬೆಟ್ಟ ಇದೆ, ಕಲ್ಲಿನ ಬಣ್ಣದಲ್ಲೇ. ಸೂರ್ಯನಿಗೆ ರಜೆ.
ಮುಂದೆ ಯಾರೂ ಇಲ್ಲ, ಬರೀ ಬೂದು.
ಬೆಟ್ಟದ ಹಿಂದಿನಿಂದ, ಬೆಟ್ಟಕ್ಕಿಂತ ಎತ್ತರ,
ಒಂದು ಮರ.
ಗರಗಸದಂಚಿನ ಎಲೆ ಒಂದೊಂದೂ ಬಿಡಿಸಿದ್ದಾಳೆ,
ಕೆಲವು ವೀಳ್ಯದ ಹಾಗೆ, ಕೆಲವು ಸೀಳಿದ ಅಂಗೈ.
ಆಲವಲ್ಲ, ಹುಣಸೆಯಲ್ಲ.
ನನಗೆ ಗುರುತು ಹತ್ತುವಷ್ಟರಲ್ಲಿ ಟೀ ಆರಿತು.

ಹಿಪ್ಪುನೇರಳೆ.

ಈ ತಾಲ್ಲೂಕಿನಲ್ಲಿ ಅದು ಮರವೆಂದು ಯಾರಿಗೆ ನೆನಪು?
ಎರಡು ತಿಂಗಳಿಗೊಮ್ಮೆ ಮೊಣಕಾಲೆತ್ತರಕ್ಕೆ ಕುಡುಗೋಲು.
ನಾಲ್ಕನೇ ಜ್ವರ ಬಿಟ್ಟೆದ್ದ ಹುಳು
ತಗಡಿನ ಮೇಲೆ ಮಳೆ ಬಿದ್ದಂತೆ ಮೇಯುವಾಗ
ಕಾಂಡ ಬಲಿಯಲೆಂದು ಕಾಯುವವರಾರು?
ಕಡ್ಡಿ ಅಂತೀವಿ, ಸೊಪ್ಪು ಅಂತೀವಿ,
ಹೊರೆ ಲೆಕ್ಕ.

ಮರುದಿನ ಕೇಳಿದೆ, "ಎಲ್ಲಿ ನೋಡಿದೆಯಮ್ಮ ಇಂಥಾದ್ದು?"
"ನೋಡಿಲ್ಲ ಸಾ. ಬುಡ ನೋಡ್ದೆ.
ಬುಡ ಇಷ್ಟು ದಪ್ಪ ಇದೆ."
ಎರಡೂ ಕೈಯಲ್ಲಿ ಊಟದ ತಟ್ಟೆಯಷ್ಟಗಲ ಹಿಡಿದು ತೋರಿಸಿದಳು,
ಬೆರಳ ತುದಿಗಳು ಬಿಸಿನೀರಿಗೆ ನೆನೆದ ಅವರೆಕಾಳು.

ಅಷ್ಟರಲ್ಲಾಗಲೇ ಅಂಕ ಹಾಕಿಯಾಗಿತ್ತು.
ಅನುಪಾತಕ್ಕೆ ಹತ್ತು; ಮರ ಬೆಟ್ಟವನ್ನು ಮೀರಬಾರದು, ಎರಡು ಕಳೆದಿದ್ದೆ.
ನೆರಳಿಲ್ಲವೆಂದು ಇನ್ನೊಂದು.

ಹಾಳೆ ಅವಳ ಕೈಗಿಡುವಾಗ ಕಂಡಿತು:
ಖಾಲಿ ಬಿಟ್ಟಿದ್ದಾಳೆ ಅಂದುಕೊಂಡಿದ್ದ ಆ ಬೂದು,
ಅಡಿಯಂಚಿನವರೆಗೂ ಹರಡಿ
ಗೂಡಿನ ಮಾರುಕಟ್ಟೆಯ ಸೂರು, ನಾಲ್ಕು ಹೊಗೆಕೊಳವೆ,
ನಮ್ಮ ಶಾಲೆಯ ಬಾವುಟಕಂಬ
ಎಲ್ಲವನ್ನೂ ತೆಳ್ಳಗೆ ಹೊದ್ದುಕೊಂಡಿದ್ದು
ಅದರದೇ ನೆರಳು.

ರಬ್ಬರ್ ಹುಡುಕಿದೆ.
ಪೆನ್ನಿನಲ್ಲಿ ಬರೆದಿದ್ದೆ.