ಹೆಪ್ಪು

ರಾತ್ರಿಯಿಲ್ಲದ ರಾತ್ರಿ ಎರಡೂವರೆಗೆ
ನನ್ನ ಕೆಲಸ ಶುರು.
ನಲವತ್ತು ಕಿಲೋ ಹಿಟ್ಟು, ಗೋಧಿ ಅರ್ಧ, ರೈ ಅರ್ಧ,
ಉಪ್ಪು, ಉಗುರುಬೆಚ್ಚಗಿನ ನೀರು,
ಮತ್ತೆ ಜಾಡಿಯ ತಳದಿಂದ ಒಂದು ಸೌಟು ಹೆಪ್ಪು.
ದುಂಡು ಕಿಟಕಿಯಲ್ಲಿ ಸೂರ್ಯ, ಸಂಬಳ ಬಾಕಿಯಿರುವ ಕಾವಲುಗಾರ,
ಕೂರುವುದೂ ಇಲ್ಲ, ಹೋಗುವುದೂ ಇಲ್ಲ.

ಜಾಡಿ ನನ್ನದಲ್ಲ. ಪ್ರೋಖೋರ್ ಸವ್ವಿಚ್ ಬಿಟ್ಟುಹೋದದ್ದು.
ಮೂವತ್ತು ಬೇಸಿಗೆ ಇದೇ ಒಲೆಯ ಮುಂದೆ ಬೆವತು
ಮೂರ್ಮನ್ಸ್ಕಿನ ಕಟ್ಟೆಯಲ್ಲಿ ಕೊನೆಯ ಸಲ ಇಳಿಯುವಾಗ
ಹಾಲುಗೂಸಿನ ಹಾಗೆ ನನ್ನ ತೋಳಿಗಿಟ್ಟ.
"ರುಫೀನಾ, ಇದಕ್ಕೆ ದಿನಾ ಉಣಿಸು.
ಇನ್ನೊಂದು ನೆನಪಿಡು, ಈ ಹಡಗಿನಲ್ಲಿ
ಬ್ರೆಡ್ಡಿಗೆ ಹದ ಕೊಡುವವಳು ನೀನಲ್ಲ.
ಹೊರಗಿದ್ದಾಳೆ."

ಅರ್ಥವಾದದ್ದು ಎಂಬತ್ತೆರಡನೇ ಅಕ್ಷಾಂಶ ದಾಟಿದ ಮೇಲೆ.
ಉಬ್ಬಿ ನಿಂತ ಕಣಕ, ದಿನ ತುಂಬಿದ ಹೊಟ್ಟೆ, ಇನ್ನೇನು ಒಲೆಗೆ,
ಅಷ್ಟರಲ್ಲಿ ಹಡಗು ಹಿಂದೆ ಸರಿಯಿತು.
ಟಗರು ಹಿಂದೆ ಸರಿದರೆ ಯಾಕೆಂದು ಕೇಳಬೇಕೆ?
ಇಪ್ಪತ್ತು ಸಾವಿರ ಟನ್ನು ಕಬ್ಬಿಣ
ಮಂಜುಗಡ್ಡೆಯ ಮೇಲೇರಿ ಕೂತು, ಕೂತ ಭಾರಕ್ಕೇ ಅದನ್ನು ಒಡೆದು
ಧೊಪ್ಪನೆ ಇಳಿಯಿತು.
ತಗಡಿನ ಅಚ್ಚುಗಳಲ್ಲಿ ನನ್ನ ಮೂವತ್ತಾರು ಬ್ರೆಡ್ಡೂ
ಪುಸ್ಸೆಂದು ಕುಸಿದು ಮೋರೆ ಇಳಿಬಿಟ್ಟವು.

ಕಪಾಟಿನ ಬಾಗಿಲ ಒಳಮೈಗೆ ಪ್ರೋಖೋರನ ಪೆನ್ಸಿಲ್ ಗೀಟುಗಳು:
ಒಂದು ಯಾನಕ್ಕೆ ಎಷ್ಟು ಸಲ ಕುಸಿಯಿತೆಂಬ ಲೆಕ್ಕ.
ಮೊದಲ ಬೇಸಿಗೆಯದು ಬಾಗಿಲ ಅಂಚಿಗೆ ಹೋಗಿ
ಜಾಗ ಸಾಲದೆ ತಿರುಗಿ ಬಂದಿದೆ.
ಕೆಳಗಿಳಿದಂತೆ ಗೀಟು ತೆಳ್ಳಗೆ, ಸಾಲು ಗಿಡ್ಡ.
ಚುಕ್ಕಾಣಿ ಕೋಣೆಯವರಿಗೆ ರಾಡಾರು, ಉಪಗ್ರಹದ ಚಿತ್ರ.
ಅಡುಗೆಮನೆಗೆ ಈ ಬಾಗಿಲು.

ಪ್ರಯಾಣಿಕರು ಹಡಗಿನ ಮೂತಿಯಲ್ಲಿ, ಕೆಂಪು ಕೋಟುಗಳಲ್ಲಿ.
ಒಡೆಯುವುದನ್ನು ನೋಡಲೆಂದೇ ದುಡ್ಡು ಕೊಟ್ಟು ಬಂದವರು.
ಬಿರುಕು ಓಡುತ್ತದೆ, ಹೆಂಚಿನಷ್ಟಗಲ, ಆಮೇಲೆ ಅಂಗಳದಷ್ಟಗಲ,
ಮಗುಚಿದ ತುಂಡಿನ ಹೊಟ್ಟೆ ನೀಲಿ. ಆಹಾ, ಎನ್ನುತ್ತಾರೆ.
ಅವರಲ್ಲೊಬ್ಬಳು ಎಫಿಜೆನಿಯಾ, ಪೋರ್ಚುಗಲ್ಲಿನ ಹಲ್ಲಿನ ಡಾಕ್ಟರು,
ಬೆಳಗಾದರೆ ಬಿಸಿ ಬ್ರೆಡ್ಡಿನ ತುದಿ ಕೇಳಿಕೊಂಡು ಬರುತ್ತಾಳೆ.
"ಹಡಗಿನ ಬೆನ್ನಿಗೆ ನಿಂತು ನೋಡಿದ್ದೀಯಾ? ನಾವು ಸೀಳಿದ ದಾರಿ
ನಾವಿರುವಾಗಲೇ ಮುಚ್ಚಿಕೊಳ್ಳುತ್ತದೆ.
ಹಲ್ಲು ಕಿತ್ತ ಜಾಗವೂ ಅಷ್ಟು ಬೇಗ ಕೂಡುವುದಿಲ್ಲ."
ನೋಡಿರಲಿಲ್ಲ. ಒಲೆಗೆ ಬೆನ್ನು ಮಾಡಿದರೆ ಸೀಯುತ್ತದೆ.

ಧ್ರುವದಲ್ಲಿ ನಮಗೂ ಅರ್ಧ ಗಂಟೆ ಬಿಡುವು.
ಅವರು ಕೈಗೆ ಕೈ ಕೊಟ್ಟು ಸುತ್ತುಗಟ್ಟಿ ಕುಣಿದರು,
ಸೊಂಟಕ್ಕೆ ಹಗ್ಗ ಬಿಗಿದು ಕಪ್ಪು ನೀರಿಗೆ ಹಾರಿ ಕಿರುಚಿದರು.
ನಾನು ಏಣಿಯಿಂದ ಹತ್ತು ಹೆಜ್ಜೆ ನಡೆದೆ,
ಎತ್ತ ನಡೆದರೂ ತೆಂಕಣವೇ.
ಮಂಡಿಯೂರಿ, ಕೈಗವಸು ತೆಗೆದು, ಅಂಗೈ ಒತ್ತಿದೆ,
ಕಣಕದ ಹದ ನೋಡುವವರು ಒತ್ತುವ ಹಾಗೆ.
ಇಷ್ಟು ದೊಡ್ಡ ಕಡಲಿಗೆ ಹೆಪ್ಪು ಹಾಕಿದವರು ಯಾರೋ,
ಯಾವ ಜಾಡಿಯಿಂದಲೋ,
ಉಣಿಸಲು ಯಾರಿಗೆ ಹೇಳಿಹೋಗಿದ್ದರೋ.
ಕೈ ತೆಗೆದೆ. ಐದು ಬೆರಳಿನ ಗುಂಡಿಯಲ್ಲಿ
ನೀರು ನಿಂತಿತ್ತು.

ಈ ಸಲ ಹೋಗುವಾಗ ಎರಡು ಗೀಟು.
ಬರುವಾಗ ಒಂದೂ ಇಲ್ಲ. ಹಡಗು ಟಗರಾಗಲೇ ಇಲ್ಲ,
ಹಟ್ಟಿಗೆ ಮರಳುವ ಹಸುವಿನಂತೆ ತಲೆ ತಗ್ಗಿಸಿ ನಡೆಯಿತು.
ಬ್ರೆಡ್ಡು ಎಂದೂ ಹೀಗೆ ಉಬ್ಬಿದ್ದಿಲ್ಲ.
ರುಫೀನಾಳ ಕೈ ಕುದುರಿದೆ ಎಂದು ಕ್ಯಾಪ್ಟನ್ ಹೇಳಿಕಳಿಸಿದ.
ಎಫಿಜೆನಿಯಾ ಎರಡೂ ತುದಿ ತಿಂದಳು.

ನಿನ್ನೆ ಕಣಕ ಅಚ್ಚು ಮೀರಿ ನಿಂತಿತ್ತು.
ಮೇಜಿನ ಅಂಚು ಹಿಡಿದು ಕಾದೆ.
ಲೋಟದೊಳಗಿನ ಚಮಚ ಕೂಡ ಮಿಸುಕಲಿಲ್ಲ.
ಇನ್ನೂ ಸ್ವಲ್ಪ ಕಾದೆ.
ಆಮೇಲೆ ಮುಷ್ಟಿ ಬಿಗಿದು
ನಾನೇ ಒಂದು ಗುದ್ದು ಹಾಕಿದೆ.
ಪುಸ್ಸೆಂದು ಕುಸಿಯಿತು.

ಅದನ್ನು ಬಾಗಿಲ ಮೇಲೆ ಬರೆಯಲಿಲ್ಲ.